ಗಾಳಿ ಬರೋ ಮುಂಚೆ ಕಣ ಹಸನಾಗಬೇಕು

(ಸಂಘದ ರಜತ ಮಹೋತ್ಸವದ ಎರಡನೆಯ ದಿನ, ಗುಡ್ಡದ ಮೇಲಿನ ವಸತಿಗೆ ಗಾಳಿ ವಿದ್ಯುತ್ ತರುವ ವಿಷಯವಾಗಿ, ಸಂಘದ ಸದಸ್ಯರೂ ನಿವೃತ್ತ ವಿಜ್ಞಾನ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೆ ಎರಡು ಮಾತು ಹೇಳಲು ಅವಕಾಶ ಮಾಡಿಕೊಟ್ಟಿದ್ದೀರಿ. ಮಾಸ್ತರ ಎರಡು ಮಾತು ಅಂದರೆ ಎಷ್ಟು ಹೊತ್ತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಸ್ವಲ್ಪ ಸಹಿಸಿಕೊಳ್ಳಬೇಕು.

1905ನೇ ಇಸವಿಯಲ್ಲಿ ನಮ್ಮ ನಾಡಿನಲ್ಲಿ ಎರಡು ದೀಪ ಹತ್ತಿದವು. ಒಂದು ದೀಪ ಬೆಂಗಳೂರಿನದು. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿಯಿತು. ಎರಡನೆಯ ದೀಪ ಹತ್ತಿದ್ದು ನಮ್ಮ ಗದಗದ ಪಕ್ಕದ ಕಣಗಿನಹಾಳದಲ್ಲಿ. ಅದೇ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನ ದೀಪ ಎಲ್ಲರ ಕಣ್ಣಿಗೆ ಬಿತ್ತು. ಕಣಗಿನಹಾಳದ ದೀಪ ಕಾಣಲು ಸಾಲದ ಚೀಟಿ ಹಿಡಿದುಕೊಂಡು ಸಾಹುಕಾರನ ಕಟ್ಟೆ ಮೇಲೆ ಕುಳಿತು ಕಷ್ಟ ಪಟ್ಟವನೇ ಆಗಬೇಕಾಗಿತ್ತು. ಆ ಎರಡನೆಯ ದೀಪದ ಬೆಳಕಿನಲ್ಲೇ ನಾವಿವತ್ತು ಇಲ್ಲಿ ಕುಳಿತಿದ್ದೇವೆ.

ಈ ಎರಡೂ ದೀಪ ಒಂದು ಕಡೆ ಸೇರಬೇಕು ಅನ್ನುವುದು ನಮ್ಮ ಮಂಡಳಿಯವರ ಆಸೆ. ಆದ್ದರಿಂದ ಮುಂದಿನ ಮಹಾಸಭೆಗೆ ಒಂದು ವಿಷಯ ಬರಲಿದೆ. ಗುಡ್ಡದ ಮೇಲಿನ ವಸತಿಯಲ್ಲಿ ನಮ್ಮ ಸದಸ್ಯರ ಹನ್ನೆರಡು ಮನೆ ಇವೆ. ಅಲ್ಲಿಗೆ ಕಂಬ ಬಂದಿದೆ, ತಂತಿ ಬಂದಿದೆ, ಮೀಟರೂ ಬಂದಿದೆ. ಆದರೆ ಆಷಾಢದ ಗಾಳಿಗೆ ಒಂದು ಕಂಬ ವಾಲಿದರೆ ಲೈನ್‌ಮನ್ ಹತ್ತಿ ಬರೋವರೆಗೆ ಎಂಟು ದಿನ, ಹತ್ತು ದಿನ ಕತ್ತಲೆ. ಈಗ ಯಾರೋ ಒಬ್ಬರು ಬಂದು, ಮನೆಯ ಮಾಳಿಗೆ ಮೇಲೆ ಕೂರಿಸುವ ಒಂದು ಕಿಲೋವ್ಯಾಟಿನ ಗಾಳಿಯಂತ್ರದ ಬಣ್ಣದ ಚಿತ್ರ ತೋರಿಸಿ ಕೊಟೇಶನ್ ಕೊಟ್ಟು ಹೋಗಿದ್ದಾರೆ. ಸಂಘದ ಕಟ್ಟಡ ನಿಧಿಯಿಂದ ದುಡ್ಡು ತೆಗೆದು ಅದನ್ನು ಕೊಳ್ಳೋಣವೋ ಬೇಡವೋ ಎಂಬುದು ಪ್ರಶ್ನೆ. ಈ ವಿಷಯದ ಮೇಲೆ ಏನಾದರೂ ಹೇಳಿರಿ ಮಾಸ್ತರ ಅಂದರು, ನಾನು ಒಪ್ಪಿಕೊಂಡೆ.

ಹೋದ ತಿಂಗಳು ಗುಡ್ಡಕ್ಕೆ ಹತ್ತಿ ಹೋಗಿ ಅಲ್ಲಿಯವರ ಜೊತೆ ಕುಳಿತು ಮಾತಾಡಿ ಬಂದೆ. ಒಬ್ಬ ಹುಡುಗ ದೂರದ ಸಾಲುಗುಡ್ಡ ತೋರಿಸಿ ಕೇಳಿದ: “ಸರ್, ಅಲ್ಲಿ ಅಷ್ಟು ದೊಡ್ಡ ಫ್ಯಾನು ತಿರಗತಾವ, ನಮ್ಮ ಮನ್ಯಾಗ ಯಾಕ ದೀಪ ಆರತದ?” ಒಳ್ಳೆಯ ಪ್ರಶ್ನೆ. ಅವನಿಗೆ ಹೇಳಿದೆ: ಆ ಫ್ಯಾನಿನ ವಿದ್ಯುತ್ತು ದೊಡ್ಡ ತಂತಿಗೆ ಹೋಗಿ ಸೇರುತ್ತದಪ್ಪಾ, ಕೆರೆಯ ನೀರು ಕಾಲುವೆಗೆ ಬಿದ್ದ ಹಾಗೆ. ನಿನ್ನ ಹೊಲದ ಮಡಿಗೆ ಬರಬೇಕಾದರೆ ನಡುವಿನ ಕಾಲುವೆ ನೆಟ್ಟಗಿರಬೇಕು. ಅಷ್ಟರಲ್ಲಿ ಬಾಗಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದ ಅವನ ಅಜ್ಜಿ ಅಂದರು: “ಮಾಸ್ತರ, ದೀಪ ಬ್ಯಾಡ ಅನ್ನೂದಿಲ್ಲ. ಆರಿದ ಮ್ಯಾಲೆ ಯಾರನ್ನ ಕೇಳಬೇಕು, ಅದನ್ನಷ್ಟ ಹೇಳಿ ಹೋಗ್ರಿ.”

ನನ್ನ ಇವತ್ತಿನ ಭಾಷಣ ಆ ಅಜ್ಜಿಯ ಪ್ರಶ್ನೆಗೆ ಉತ್ತರ. ಬೇರೆ ಏನೂ ಅಲ್ಲ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಎಂಬತ್ತರ ದಶಕದಲ್ಲಿ ನಾನು ಬೇರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಬಾವಿಗೆ ಸರಕಾರದ ಯೋಜನೆಯಲ್ಲಿ ನೀರೆತ್ತುವ ಗಾಳಿಯಂತ್ರ ಬಂತು. ಕಾಯಿ ಒಡೆದೆವು, ಮಾಲೆ ಹಾಕಿದೆವು, ಫೋಟೋ ತೆಗೆಸಿದೆವು. ಅದು ಎರಡು ವರ್ಷ ಚೆನ್ನಾಗಿ ನೀರೆತ್ತಿತು. ಮಕ್ಕಳು ಪೇರಲ, ನುಗ್ಗೆ ಗಿಡ ಬೆಳೆಸಿದ್ದರು. ಒಂದು ದಿನ ರೆಕ್ಕೆ ತಿರುಗುತ್ತದೆ, ನೀರು ಬರುವುದಿಲ್ಲ. ಕೊಳವೆಯೊಳಗಿನ ಪಂಪಿನ ಚರ್ಮದ ವಾಷರ್ ಸವೆದಿತ್ತು. ನಾನು ಕಚೇರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಉತ್ತರ ಬಂತು. ಎಂಟು ತಿಂಗಳು ಕಾಗದ ಬರೆಯುತ್ತಲೇ ಇದ್ದೆ. ಅಷ್ಟರಲ್ಲಿ ಮಳೆಗಾಲದ ಬಿರುಗಾಳಿಗೆ ರೆಕ್ಕೆಯೊಂದು ಮುರಿಯಿತು, ಯಾರೋ ಬಾಲದ ತಗಡು ಬಿಚ್ಚಿಕೊಂಡು ಹೋದರು. ಗಿಡ ಒಣಗಿದವು. ನಾನು ವರ್ಗವಾಗಿ ಬಂದ ಮೇಲೂ ಆ ಕಂಬ ಎಷ್ಟೋ ವರ್ಷ ಹಾಗೇ ನಿಂತಿತ್ತು, ಕಾಗೆ ಗೂಡು ಕಟ್ಟಲು.

ಆ ವಾಷರ್ ಅಂದರೆ ಅಂಗೈ ಅಗಲದ ಚರ್ಮ. ಶಾಲೆಯ ಎದುರಿಗೇ ಚಪ್ಪಲಿ ಹೊಲಿಯುವ ಅಜ್ಜ ಒಬ್ಬರು ಕುಳಿತಿರುತ್ತಿದ್ದರು. ಅವರಿಗೆ ಹಳೆಯದನ್ನು ತೋರಿಸಿದ್ದರೆ ಒಂದು ಗಂಟೆಯಲ್ಲಿ ಹೊಸದು ಮಾಡಿ ಕೊಡುತ್ತಿದ್ದರು. ನಾನು ವಿಜ್ಞಾನ ಶಿಕ್ಷಕ. ನನಗೆ ಅದು ಹೊಳೆಯಲೇ ಇಲ್ಲ. ಯಾಕೆಂದರೆ ಅದು ‘ಸರಕಾರದ ಯಂತ್ರ’, ನಮ್ಮದಲ್ಲ. ಬಿಚ್ಚಲು ನಮಗೆ ಹಕ್ಕಿಲ್ಲ ಅಂದುಕೊಂಡಿದ್ದೆ. ಕಚೇರಿಯವರನ್ನು ಬೈದುಕೊಂಡು ಬಹಳ ವರ್ಷ ಸಮಾಧಾನ ಪಟ್ಟೆ. ಈಗ ಅನ್ನಿಸುತ್ತದೆ, ಅದರಲ್ಲಿ ನನ್ನ ಪಾಲೂ ಇತ್ತು.

ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಹಲಗೆ ಮೇಲೆ ಬರೆಯುವುದಿಲ್ಲ.

ಗಾಳಿಯ ವಿಷಯ ರೈತನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಮಾಡಿದವರು ನೀವು. ಮೆಲ್ಲನೆಯ ಗಾಳಿಗೂ ಬಿರುಸು ಗಾಳಿಗೂ ರಾಶಿ ತೂರುವಾಗ ಎಷ್ಟು ವ್ಯತ್ಯಾಸ ಅನ್ನೋದು ನಿಮ್ಮ ಕೈಗೆ ಗೊತ್ತು. ಆದರೆ ಎಷ್ಟು ವ್ಯತ್ಯಾಸ ಅನ್ನುವ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಶಕ್ತಿ ಇಪ್ಪತ್ತೇಳು ಪಟ್ಟು.

ನಮ್ಮ ಹನ್ನೆರಡು ಮನೆಗೇ ಲೆಕ್ಕ ಹಾಕೋಣ. ಒಂದು ಮನೆಗೆ 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ದಿನಕ್ಕೆ ಐದು ತಾಸು. ಮೊಬೈಲು ಚಾರ್ಜಿಗೆ ಸ್ವಲ್ಪ. ಒಟ್ಟು ದಿನಕ್ಕೆ 200 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಐದನೇ ಒಂದು ಭಾಗ. ಹನ್ನೆರಡು ಮನೆಗೆ 2.4 ಯೂನಿಟ್. ಈಗ ಎರಡು ಮೀಟರ್ ಅಗಲ ತಿರುಗುವ ಒಂದು ಸಣ್ಣ ಯಂತ್ರ ನಿಲ್ಲಿಸಿದೆವು ಅನ್ನಿ. ತನ್ನ ಮೇಲೆ ಹಾಯುವ ಗಾಳಿಯ ಶಕ್ತಿಯಲ್ಲಿ ಸಣ್ಣ ಯಂತ್ರ ಹಿಡಿಯುವುದು ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ. ಎಷ್ಟೇ ಚೆನ್ನಾಗಿ ಮಾಡಿದ ಯಂತ್ರವಾದರೂ ಶೇಕಡ 59ಕ್ಕಿಂತ ಹೆಚ್ಚು ಹಿಡಿಯಲಾಗದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ಎಂಬ ವಿಜ್ಞಾನಿ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಗಾಳಿ ಸೆಕೆಂಡಿಗೆ 6 ಮೀಟರ್, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ ಹಗಲು ರಾತ್ರಿ ಬೀಸಿದರೆ ಈ ಯಂತ್ರ ಸುಮಾರು 100 ವ್ಯಾಟ್ ಕೊಡುತ್ತದೆ. ದಿನಕ್ಕೆ 2.4 ಯೂನಿಟ್. ಹನ್ನೆರಡು ಮನೆಗೂ ಸರಿಹೋಯಿತು. ಅದೇ ಗಾಳಿ 3 ಮೀಟರಿಗೆ ಇಳಿದರೆ, ಅಂದರೆ ಸೈಕಲ್ ತುಳಿದಷ್ಟು ವೇಗವಾದರೆ, ಸಿಗುವುದು ದಿನಕ್ಕೆ 0.3 ಯೂನಿಟ್. ಒಂದೂವರೆ ಮನೆಗೆ ಮಾತ್ರ ಸಾಕು. ಅನೇಕ ಯಂತ್ರಗಳು ಅಷ್ಟು ಗಾಳಿಗೆ ಸುಮ್ಮನೆ ತಿರುಗುತ್ತವೆ, ಬ್ಯಾಟರಿ ತುಂಬಿಸಲು ಶುರುವನ್ನೇ ಮಾಡುವುದಿಲ್ಲ. ಯಂತ್ರ ಅದೇ, ಕೊಟ್ಟ ದುಡ್ಡು ಅದೇ, ಗುಡ್ಡವೂ ಅದೇ. ಹನ್ನೆರಡು ಮನೆಗೂ ಒಂದೂವರೆ ಮನೆಗೂ ನಡುವೆ ಇರುವುದು ಗಾಳಿಯ ವೇಗ ಒಂದೇ.

ಬಣ್ಣದ ಚಿತ್ರದಲ್ಲಿ ‘ಒಂದು ಕಿಲೋವ್ಯಾಟ್’ ಅಂತ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಗೆ ಹೇಳಿದ ಮಾತು. ಅಂಥ ಗಾಳಿಯಲ್ಲಿ ನೀವು ಪಂಚೆ ಹಿಡಿದುಕೊಂಡು ಓಡುತ್ತೀರಿ. ಅದು ಸುಳ್ಳಲ್ಲ. ಆದರೆ ಒಳ್ಳೇ ಮಳೆಯಾದ ವರ್ಷದ ಇಳುವರಿಯನ್ನೇ ಪ್ರತಿ ವರ್ಷದ ಇಳುವರಿ ಅಂತ ಹೇಳಿ ಸಾಲ ಕೇಳಿದ ಹಾಗೆ. ನಮ್ಮ ಸಂಘದ ಕಾರ್ಯದರ್ಶಿಗಳು ಅಂಥ ಅರ್ಜಿಯನ್ನು ಪಾಸು ಮಾಡುವುದಿಲ್ಲ, ನನಗೆ ಗೊತ್ತು.

ಮಾಳಿಗೆ ಮೇಲೆ ಯಂತ್ರ ಕೂರಿಸುವ ಮಾತಂತೂ ಬಿಟ್ಟುಬಿಡಿ. ಮನೆ, ಮರ, ಬಣವೆ ಇವಕ್ಕೆ ಬಡಿದ ಗಾಳಿ ಸುಳಿಸುಳಿಯಾಗಿ ಒಡೆದುಹೋಗುತ್ತದೆ. ಅಂಥ ಗಾಳಿಯಲ್ಲಿ ಯಂತ್ರ ತಲೆ ಅಲ್ಲಾಡಿಸುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಜೊತೆಗೆ ಗೋಡೆ ನಡುಗುತ್ತದೆ. ಬಲ್ಲವರು ಹೇಳುವ ನಿಯಮ ಒಂದಿದೆ: ಸುತ್ತ ನೂರು ಮೀಟರಿನೊಳಗೆ ಇರುವ ಎಲ್ಲಕ್ಕಿಂತ ಹತ್ತು ಮೀಟರಾದರೂ ಎತ್ತರದಲ್ಲಿ ರೆಕ್ಕೆ ತಿರುಗಬೇಕು. ಅಂದರೆ ಒಳ್ಳೆ ಕಂಬ ಬೇಕು, ಎಳೆತಂತಿ ಬೇಕು, ಸಿಡಿಲಿಗೆ ಭೂಸ್ಪರ್ಶ ಬೇಕು. ಯಂತ್ರದಷ್ಟೇ ಖರ್ಚು ಕಂಬಕ್ಕೂ ಬಂದೀತು.

ಇನ್ನೊಂದು ಮಾತು ನಮಗೆ ಅನುಕೂಲವಾದದ್ದು. ನಮ್ಮ ಕಡೆ ಗಾಳಿ ಜೋರಾಗುವುದು ಮುಂಗಾರಿನಲ್ಲಿ, ಜೂನಿನಿಂದ ಸೆಪ್ಟೆಂಬರ್ ತನಕ. ದೀಪಾವಳಿ ಹೊತ್ತಿಗೆ ಅದು ಮಲಗುತ್ತದೆ. ಸೂರ್ಯನದು ಇದಕ್ಕೆ ತಿರುವುಮುರುವು. ಮುಂಗಾರಿನಲ್ಲಿ ಮೋಡದ ಹಿಂದೆ, ಬೇಸಿಗೆಯಲ್ಲಿ ತಲೆ ಮೇಲೆ. ಆದ್ದರಿಂದ ಗಾಳಿ ಮತ್ತು ಬಿಸಿಲು ಒಂದೇ ನೊಗಕ್ಕೆ ಕಟ್ಟಬೇಕಾದ ಜೋಡೆತ್ತು. ಸೌರ ಫಲಕದ ಬೆಲೆ ಈಚೆಗೆ ಬಹಳ ಇಳಿದಿದೆ. ಅದಕ್ಕೆ ತಿರುಗುವ ಭಾಗ ಇಲ್ಲ, ಸವೆಯುವುದಿಲ್ಲ. ವರ್ಷದ ಎಂಟು ತಿಂಗಳಿಗೆ ಅದೇ ಅಗ್ಗ ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಗಾಳಿಯಂತ್ರ ಬೇಕಾದದ್ದು ಆ ನಾಲ್ಕು ತಿಂಗಳಿಗೆ. ಆದರೆ ಗುಡ್ಡದವರಿಗೆ ತಂತಿ ಹರಿದು ಕತ್ತಲೆಯಾಗುವುದೂ ಆ ನಾಲ್ಕು ತಿಂಗಳಲ್ಲೇ ತಾನೆ.

ಇದು ಲೆಕ್ಕ ಆಯಿತು. ಇನ್ನು ಮನುಷ್ಯರ ವಿಷಯ. ಬೇರೆ ದೇಶದ ಮೂರು ಊರಿನ ಮಾತು ಹೇಳುತ್ತೇನೆ.

ಮೊದಲನೆಯದು ಡೆನ್ಮಾರ್ಕ್ ದೇಶದ ಆಸ್ಕೋವ್. ಡೆನ್ಮಾರ್ಕ್ ನಮ್ಮಂಥ ಸಹಕಾರಿಗಳಿಗೆ ಹಿರಿಯಣ್ಣ ಇದ್ದ ಹಾಗೆ. ಅಲ್ಲಿನ ರೈತರು 1882ರಲ್ಲೇ ಹಾಲಿನ ಸಹಕಾರಿ ಡೇರಿ ಶುರು ಮಾಡಿದವರು. ಆಸ್ಕೋವ್ ಹಳ್ಳಿಯಲ್ಲಿ ರೈತರ ಮಕ್ಕಳು ಕಲಿಯುವ ಜನತಾ ಪ್ರೌಢಶಾಲೆ ಇತ್ತು. ಅಲ್ಲಿ ಪೌಲ್ ಲಾ ಕೌರ್ ಎಂಬ ಮಾಸ್ತರರಿದ್ದರು. ಅವರು 1891ರಲ್ಲಿ ಶಾಲೆಯ ಪಕ್ಕದಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತಯಾರಿಸಿದರು. ಗಾಳಿ ನಿಂತಾಗ ಏನು ಮಾಡುವುದು ಎಂಬ ಚಿಂತೆ ಅವರಿಗೂ ಇತ್ತು. ಅವರು ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಅನಿಲ ಮಾಡಿ, ಅದನ್ನು ತೊಟ್ಟಿಯಲ್ಲಿ ತುಂಬಿಟ್ಟು, ಕೆಲವು ವರ್ಷ ಶಾಲೆಯ ದೀಪ ಉರಿಸಿದರು. ಒಮ್ಮೊಮ್ಮೆ ಅನಿಲ ಸಿಡಿದು ಕಿಟಕಿ ಗಾಜು ಪುಡಿಯಾದದ್ದೂ ಉಂಟು. ವಿದ್ಯುತ್ತಿಗೆ ಹೆಚ್ಚು ರೆಕ್ಕೆಯ ನಿಧಾನ ಯಂತ್ರಕ್ಕಿಂತ ಕಡಿಮೆ ರೆಕ್ಕೆಯ ಚುರುಕು ಯಂತ್ರ ಒಳ್ಳೆಯದು ಎಂದು ಪ್ರಯೋಗ ಮಾಡಿ ಕಂಡುಕೊಂಡವರೂ ಅವರೇ.

ಇದೆಲ್ಲಕ್ಕಿಂತ ದೊಡ್ಡ ಕೆಲಸ ಅವರು ಮಾಡಿದ್ದು ಆಮೇಲೆ. ಹಳ್ಳಿಯ ಹುಡುಗರನ್ನು ಕರೆದು, ಯಂತ್ರ ಕೂರಿಸುವುದು, ತಂತಿ ಎಳೆಯುವುದು, ಬ್ಯಾಟರಿ ನೋಡಿಕೊಳ್ಳುವುದು ಇವನ್ನೆಲ್ಲ ಕಲಿಸುವ ತರಗತಿ ಶುರು ಮಾಡಿದರು. ಕಲಿತ ಹುಡುಗರು ತಮ್ಮ ತಮ್ಮ ಊರಿಗೆ ಹೋದರು. ಲಾ ಕೌರ್ 1908ರಲ್ಲಿ ತೀರಿಕೊಂಡರು. ಆದರೆ 1918ರ ಹೊತ್ತಿಗೆ ಡೆನ್ಮಾರ್ಕಿನ ಹಳ್ಳಿಗಾಡಿನ ಸುಮಾರು 120 ವಿದ್ಯುತ್ ಕೇಂದ್ರಗಳಲ್ಲಿ ಗಾಳಿಯಂತ್ರ ಇದ್ದವು. ಮಾಸ್ತರರು ಹೋದರೂ ಯಂತ್ರ ನಿಲ್ಲಲಿಲ್ಲ. ನನ್ನ ಶಾಲೆಯಲ್ಲಿ ಮಾಸ್ತರ ಇದ್ದಾಗಲೇ ಯಂತ್ರ ನಿಂತಿತು. ವ್ಯತ್ಯಾಸ ಎಲ್ಲಿದೆ ಅಂತ ನಿಮಗೇ ತಿಳಿಯಿತು.

ಎರಡನೆಯ ಊರು ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಸ್ಕೋರೇಗ್. ಇದು ಸಮುದ್ರದೊಳಗೆ ಚಾಚಿಕೊಂಡ ಒಂದು ತುಂಡು ನೆಲ. ಅಲ್ಲಿಗೆ ವಾಹನದ ರಸ್ತೆ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ಐದು ಮೈಲು ನಡೆಯಬೇಕು. ವಿದ್ಯುತ್ ಇಲಾಖೆಯ ತಂತಿ ಅಲ್ಲಿಗೆ ಬರಲಿಲ್ಲ. 1970ರ ದಶಕದಲ್ಲಿ ಅಲ್ಲಿ ನೆಲೆಸಿದ ಹ್ಯೂ ಪಿಗಟ್ ಎಂಬವರು ಗುಜರಿ ಸಾಮಾನಿನಿಂದ, ಹಳೆ ವಾಹನದ ಬಿಡಿಭಾಗದಿಂದ ಗಾಳಿಯಂತ್ರ ಮಾಡತೊಡಗಿದರು. ರೆಕ್ಕೆಯನ್ನು ಮರದಲ್ಲಿ ಕೆತ್ತಿದರು. ಮುಂದೆ ಬಲವಾದ ಆಯಸ್ಕಾಂತ ಸಿಗುವಂತಾದಾಗ, ತಾಮ್ರದ ತಂತಿಯನ್ನು ಕೈಯಲ್ಲೇ ಸುತ್ತಿ ಮಾಡುವ ಸರಳ ಜನರೇಟರಿನ ವಿನ್ಯಾಸ ತಯಾರಿಸಿದರು. ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಅಡುಗೆ ಪುಸ್ತಕದ ಹಾಗೆ ಬರೆದು ಪ್ರಕಟಿಸಿದರು. ಬೇರೆ ಬೇರೆ ದೇಶದಲ್ಲಿ ಜನ ಅದನ್ನು ನೋಡಿ ಯಂತ್ರ ಮಾಡಿದ್ದಾರೆ. ಬಡಗಿ, ವೆಲ್ಡಿಂಗ್‌ನವ, ಮೋಟಾರು ಸುತ್ತುವವ, ಈ ಮೂವರಿದ್ದ ಊರಿನಲ್ಲಿ ಇದು ಆಗದ ಕೆಲಸವಲ್ಲ. ನಮ್ಮ ಸಂತೆಯ ಊರಿನಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ಒಂದೇ ದಿನದಲ್ಲಿ ಸುತ್ತಿ ಕೊಡುವ ಹುಡುಗರಿದ್ದಾರೆ. ನಾವು ಅವರನ್ನು ಇಂಜಿನಿಯರು ಅಂತ ಕರೆಯುವುದಿಲ್ಲ, ಅಷ್ಟೇ.

ಸ್ಕೋರೇಗಿನ ಪಾಠ ಇದು: ಕೈಯಲ್ಲಿ ಮಾಡಿದ್ದನ್ನು ಕೈಯಲ್ಲಿ ರಿಪೇರಿ ಮಾಡಬಹುದು.

ಮೂರನೆಯ ಊರು ಅದೇ ಸ್ಕಾಟ್‌ಲೆಂಡಿನ ಕರಾವಳಿಯಾಚೆಯ ಎಗ್ ಎಂಬ ಸಣ್ಣ ದ್ವೀಪ. ಈಗ ಅಲ್ಲಿ ನೂರು ಜನ ಇದ್ದಾರು. ಇಡೀ ದ್ವೀಪ ಒಬ್ಬ ಜಮೀನುದಾರನ ಕೈಯಿಂದ ಇನ್ನೊಬ್ಬನ ಕೈಗೆ ಮಾರಾಟವಾಗುತ್ತ ಬಂದಿತ್ತು. 1997ರಲ್ಲಿ ಅಲ್ಲಿಯ ಜನ ಸೇರಿ, ದೇಣಿಗೆ ಎತ್ತಿ, ಟ್ರಸ್ಟ್ ಮಾಡಿಕೊಂಡು ದ್ವೀಪವನ್ನೇ ಕೊಂಡರು. ಆಗ ಮನೆಮನೆಗೆ ಡೀಸೆಲ್ ಜನರೇಟರು. ಶಬ್ದ, ಹೊಗೆ, ಖರ್ಚು. ಅವರೇ ಒಂದು ವಿದ್ಯುತ್ ಕಂಪನಿ ಮಾಡಿಕೊಂಡರು. 2008ರ ಫೆಬ್ರವರಿ 1ರಂದು ಆ ದ್ವೀಪಕ್ಕೆ ಮೊದಲ ಬಾರಿಗೆ ಇಪ್ಪತ್ನಾಲ್ಕು ತಾಸಿನ ವಿದ್ಯುತ್ ಬಂತು. ಹಳ್ಳದ ನೀರಿನಿಂದ ನಡೆಯುವ ಮೂರು ಯಂತ್ರ, 6 ಕಿಲೋವ್ಯಾಟಿನ ನಾಲ್ಕು ಗಾಳಿಯಂತ್ರ, ಸೌರ ಫಲಕ, ಬ್ಯಾಟರಿ. ಇವೆಲ್ಲ ಸೋತರೆ ಇರಲಿ ಅಂತ ಎರಡು ಡೀಸೆಲ್ ಜನರೇಟರು. ಸೌರ ಫಲಕವನ್ನು ಆಮೇಲೆ ಹೆಚ್ಚಿಸಿದರು.

ಯಂತ್ರದ ಪಟ್ಟಿ ಮರೆತರೂ ಪರವಾಗಿಲ್ಲ. ಎಗ್ ದ್ವೀಪದ ಕಟ್ಟಳೆಯನ್ನು ಮಾತ್ರ ನೆನಪಿಡಿ. ಒಂದು ಮನೆ ಒಂದು ಹೊತ್ತಿಗೆ 5 ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯಕೂಡದು. ಅಂಗಡಿ, ವ್ಯವಹಾರಕ್ಕೆ 10. ಮಿತಿ ಮೀರಿದರೆ ಆ ಮನೆಯ ವಿದ್ಯುತ್ತು ಮಾತ್ರ ಕಟ್ ಆಗುತ್ತದೆ, ಊರಿನದಲ್ಲ. ದೊಡ್ಡ ಮನೆಗೂ ಸಣ್ಣ ಮನೆಗೂ ಒಂದೇ ಮಿತಿ. 5 ಕಿಲೋವ್ಯಾಟ್ ಅಂದರೆ ನಮಗೆ ಹಬ್ಬದ ಊಟ, ಅವರ ಚಳಿಯ ದೇಶದಲ್ಲಿ ಸಾಧಾರಣ ಊಟ. ಅಳತೆ ಬೇರೆ ಇರಬಹುದು, ಪಂಕ್ತಿಭೇದ ಇಲ್ಲ ಎಂಬುದು ಮುಖ್ಯ. ಗಾಳಿ ಮಳೆ ಜೋರಿದ್ದು ವಿದ್ಯುತ್ ಹೆಚ್ಚಾದಾಗ ಅದನ್ನು ಊರಿನ ಸಮುದಾಯ ಭವನ ಬೆಚ್ಚಗಿಡಲು ಹರಿಸುತ್ತಾರೆ. ದ್ವೀಪದವರೇ ಕೆಲವರು ತರಬೇತಿ ಪಡೆದು ಯಂತ್ರ ನೋಡಿಕೊಳ್ಳುತ್ತಾರೆ. ದೀಪ ಆರಿದರೆ ಯಾರನ್ನು ಕೇಳಬೇಕು ಅಂತ ಅಲ್ಲಿಯ ಅಜ್ಜಿಗೆ ಗೊತ್ತು.

ಅದೆಲ್ಲ ಬಿಳಿಯರ ದೇಶ ಮಾಸ್ತರ, ನಮ್ಮಲ್ಲಿ ಆಗೋ ಮಾತಾ, ಅಂತ ಯಾರೋ ಹಿಂದಿನಿಂದ ಅಂದ ಹಾಗಾಯಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ಬಸ್ಸು ಹತ್ತಿ ಹೋಗಿ ನೋಡಿರಿ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಶುರುವಾಯಿತು. ಅದು ವಿದ್ಯುತ್ತನ್ನು ಸಗಟಿನಲ್ಲಿ ಕೊಂಡು ಹಳ್ಳಿಯ ಮನೆಗಳಿಗೆ, ಪಂಪ್‌ಸೆಟ್ಟುಗಳಿಗೆ ಹಂಚುತ್ತ ಬಂದಿದೆ. ಗಾಳಿಯಂತ್ರದ ಸಂಘವಲ್ಲ, ನಿಜ. ಆದರೆ ರೈತರೇ ಸದಸ್ಯರಾಗಿ ತಂತಿ, ಕಂಬ, ಮೀಟರು, ಬಿಲ್ಲು ನಡೆಸಬಹುದು ಅನ್ನೋದಕ್ಕೆ ಕನ್ನಡ ನೆಲದ ಸಾಕ್ಷಿ ಅದು.

ಈಗ ನಮ್ಮ ಗುಡ್ಡಕ್ಕೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಕೊಟೇಶನ್ ಪ್ರಕಾರ ಈ ವರ್ಷ ಗಾಳಿಯಂತ್ರ ಕೊಳ್ಳಬಾರದು. ಬೇಸರ ಮಾಡಿಕೊಳ್ಳಬೇಡಿ. ಕೊಳ್ಳಲೇಬಾರದು ಅನ್ನುತ್ತಿಲ್ಲ. ಅದಕ್ಕೆ ಮೊದಲು ಮಾಡಬೇಕಾದ ಐದು ಕೆಲಸ ಇವೆ.

ಒಂದನೆಯದು, ಅಳೆಯುವುದು. ಗುಡ್ಡದ ಮೇಲೆ ಹತ್ತು ಮೀಟರಿನ ಕಂಬ ನಿಲ್ಲಿಸಿ ಗಾಳಿಯ ವೇಗ ಅಳೆಯುವ ಮಾಪಕ ಕಟ್ಟೋಣ. ಯುಗಾದಿಯಿಂದ ಯುಗಾದಿಯವರೆಗೆ ಒಂದು ವರ್ಷ. ಗುಡ್ಡದ ಮಕ್ಕಳೇ ದಿನಾ ಬರೆದಿಡಲಿ. ಸಂಘದಲ್ಲಿ ಹಾಲು ಅಳೆಯದೆ ದುಡ್ಡು ಕೊಡುವುದಿಲ್ಲ, ಕಾಳು ತೂಗದೆ ಗೋದಾಮಿಗೆ ಹಾಕುವುದಿಲ್ಲ. ಗಾಳಿಯನ್ನು ಮಾತ್ರ ಅಳೆಯದೆ ಕೊಳ್ಳುವುದು ಯಾವ ನ್ಯಾಯ?

ಎರಡನೆಯದು, ಬಿಸಿಲಿನಿಂದ ಶುರು ಮಾಡುವುದು. ಈ ವರ್ಷವೇ ಹನ್ನೆರಡು ಮನೆಯ ದೀಪಕ್ಕೆ ಸಾಕಾಗುವಷ್ಟು ಸೌರ ಫಲಕ ಮತ್ತು ಬ್ಯಾಟರಿ ಹಾಕೋಣ. ಒಂದು ಕಿಲೋವ್ಯಾಟ್ ಫಲಕ ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಮುಂಗಾರಿನ ದಟ್ಟ ಮೋಡದಲ್ಲಿ ಅರ್ಧವೂ ಸಿಗದೆ ಹೋಗಬಹುದು. ಎಷ್ಟು ಕೊರತೆ ಬೀಳುತ್ತದೆ ಎಂದು ಒಂದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಆ ಕೊರತೆ ತುಂಬುವಷ್ಟು ಗಾಳಿಯಂತ್ರವನ್ನು ಮುಂದಿನ ವರ್ಷ ಅದೇ ಬ್ಯಾಟರಿಗೆ ಜೋಡಿಸೋಣ. ಆಗ ಒಂದು ಜಾಗ್ರತೆ ಬೇಕು. ಬ್ಯಾಟರಿ ತುಂಬಿತು ಅಂತ ಗಾಳಿಯಂತ್ರದ ತಂತಿ ಸುಮ್ಮನೆ ಬಿಚ್ಚಿಬಿಡಬಾರದು. ಭಾರವಿಲ್ಲದ ಯಂತ್ರ ಹಗ್ಗ ಹರಿದ ಹೋರಿಯಂತೆ ಓಡಿ ರೆಕ್ಕೆ ಮುರಿದುಕೊಳ್ಳುತ್ತದೆ. ಹೆಚ್ಚಾದ ವಿದ್ಯುತ್ತನ್ನು ನೀರು ಕಾಯಿಸುವ ಕಾಯಿಲ್‌ಗೆ ಹರಿಸಬೇಕು. ಬಾಣಂತಿಯರ ಮನೆಗೆ ಬಿಸಿನೀರಾದರೂ ಆಗುತ್ತದೆ.

ಮೂರನೆಯದು, ಜನ ತಯಾರಿಸುವುದು. ಗುಡ್ಡದಿಂದಲೇ ಇಬ್ಬರನ್ನು ಆರಿಸಿ ಕಲಿಸಬೇಕು. ಒಬ್ಬರು ಹುಡುಗ, ಒಬ್ಬರು ಹುಡುಗಿ ಆಗಲಿ. ಹುಡುಗ ದುಡಿಯಲು ಮಂಗಳೂರಿಗೋ ಗೋವಾಕ್ಕೋ ಹೋದ ದಿನ ಕತ್ತಲೆಯಾಗಬಾರದು. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕುವುದು, ಬೋಲ್ಟು ಬಿಗಿಯುವುದು, ಬಿರುಗಾಳಿ ಬರುವ ಮೊದಲು ಯಂತ್ರಕ್ಕೆ ಬ್ರೇಕು ಹಾಕುವುದು, ವರ್ಷಕ್ಕೊಮ್ಮೆ ಕಂಬ ಇಳಿಸಿ ರೆಕ್ಕೆ ನೋಡುವುದು. ಇಳಿಸಿ ಎತ್ತುವ ಮಡಿಚು ಕಂಬವನ್ನೇ ಹಾಕಿಸಬೇಕು, ಹತ್ತುವ ಕಂಬ ಬೇಡ. ನಮ್ಮ ಮಕ್ಕಳು ಬೀಳಬಾರದು. ಅವರಿಬ್ಬರಿಗೂ ಸಂಘ ತಿಂಗಳಿಗೆ ಇಷ್ಟು ಅಂತ ಗೌರವಧನ ಕೊಡಬೇಕು. ಪುಕ್ಕಟೆ ಕೆಲಸ ಆರು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ.

ನಾಲ್ಕನೆಯದು, ನಿಧಿ. ಸೀಸದ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸಾಯುತ್ತದೆ. ಅದು ಗೊತ್ತಿದ್ದೂ ಆ ದಿನ ಬಂದಾಗ ಎದೆ ಬಡಿದುಕೊಳ್ಳುವುದು ಜಾಣತನವಲ್ಲ. ಮೊದಲ ತಿಂಗಳಿನಿಂದಲೇ ಪ್ರತಿ ಮನೆಯಿಂದ ವಂತಿಗೆ ಪಡೆದು ಬೇರೆ ಖಾತೆಯಲ್ಲಿ ಇಡಬೇಕು. ಬೇರೆ ಯಾವ ಕೆಲಸಕ್ಕೂ, ಜಾತ್ರೆಗೂ ಕೂಡ, ಅದನ್ನು ಮುಟ್ಟಬಾರದು. ಠೇವಣಿ ಇಡಿಸುವುದರಲ್ಲಿ ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷದ ಅನುಭವ ಇದೆ. ಯಂತ್ರ ಮಾರುವವರಿಗೆ ಇಲ್ಲದ ಬಂಡವಾಳ ನಮ್ಮಲ್ಲಿರುವುದು ಇದೇ.

ಐದನೆಯದು, ಕಟ್ಟಳೆ. ಎಗ್ ದ್ವೀಪದ ಹಾಗೆ ಪ್ರತಿ ಮನೆಗೂ ಒಂದೇ ಮಿತಿ. ಇಸ್ತ್ರಿ ಪೆಟ್ಟಿಗೆ, ಹೀಟರು ಇದರ ಮೇಲೆ ಹಾಕಕೂಡದು. ಇನ್ನೊಂದನ್ನು ಕೆಂಪಕ್ಷರದಲ್ಲಿ ಬರೆಯಿಸಬೇಕು: ನಮ್ಮ ವಿದ್ಯುತ್ತು ಯಾವ ಕಾರಣಕ್ಕೂ ಇಲಾಖೆಯ ತಂತಿಗೆ ಹಿಮ್ಮುಖವಾಗಿ ಹರಿಯಬಾರದು. ಲೈನು ಬಂದ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೂ ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ. ಆದ್ದರಿಂದ ನಮ್ಮ ದೀಪದ ತಂತಿ ಬೇರೆಯೇ ಇರಬೇಕು.

ಈ ಐದರಲ್ಲಿ ಗಾಳಿಗೆ ಸಂಬಂಧಪಟ್ಟದ್ದು ಒಂದೋ ಎರಡೋ. ಉಳಿದದ್ದೆಲ್ಲ ಸಂಘದ ಕೆಲಸ, ನೀವು ದಿನಾ ಮಾಡುತ್ತಿರುವ ಕೆಲಸ. ನಾವು ರಾಶಿಗೆ ಮೊದಲು ಏನು ಮಾಡುತ್ತೇವೆ? ಕಣ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ ಹಸನು ಮಾಡುತ್ತೇವೆ. ಕಣ ಹಸನಿಲ್ಲದೆ ಗಾಳಿ ಬಂದರೆ ಕಾಳೂ ಮಣ್ಣೂ ಒಂದೇ ಆಗುತ್ತದೆ. ನನ್ನ ಹಳೆ ಶಾಲೆಯಲ್ಲಿ ಆದದ್ದು ಅದೇ. ಗಾಳಿ ಇತ್ತು, ಯಂತ್ರ ಇತ್ತು, ಕಣ ಇರಲಿಲ್ಲ.

ಮಹಾಸಭೆಯಲ್ಲಿ ನೀವು ಕೈ ಎತ್ತುವ ಮೊದಲು ಗುಡ್ಡದ ಆ ಅಜ್ಜಿಯನ್ನು ನೆನೆಸಿಕೊಳ್ಳಿ. ಅವರು ನಮ್ಮ ಸಂಘದ ಷೇರುದಾರರು. ಶೇಂಗಾ ಮಾರಿದ ದುಡ್ಡಿನಲ್ಲಿ ಷೇರು ಕೊಂಡವರು. “ದೀಪ ಆರಿದರೆ ಸಂಘದ ಬಾಗಿಲಿಗೆ ಬಾ ಅವ್ವಾ, ಅಲ್ಲಿ ಕೇಳು” ಅಂತ ಅವರಿಗೆ ಹೇಳುವ ಧೈರ್ಯ ನಮಗೆ ಯಾವತ್ತು ಬರುತ್ತದೋ ಅವತ್ತು ಯಂತ್ರ ತರೋಣ. ಆ ದಿನ ಕಂಬ ನಿಲ್ಲಿಸಲು ನಾನೂ ಹಗ್ಗ ಹಿಡಿಯುತ್ತೇನೆ. ಚರ್ಮದ ವಾಷರಿನ ಸಾಲ ನನ್ನ ಮೇಲೆ ಇನ್ನೂ ಬಾಕಿ ಇದೆ.

ಇನ್ನು ಊಟಕ್ಕೆ ಏಳಬಹುದು.